ಅಜ್ಜಿ ಕಣ್ಣು ಮುಚ್ಚಿದರು
ಬನ್ನಂಜೆಯ ಫೋಟೋಗ್ರಾಫರ್ ರಘುಪತಿಯ ಪ್ರಕಾರ, ತನ್ನ ಫ್ಲ್ಯಾಶ್ ಬೀಳದೆ ಯಾವ ಶಾಸ್ತ್ರವೂ ಮುಗಿಯುವುದಿಲ್ಲ. ಹೆಣ್ಣು ಹೆತ್ತವರಿಂದ ಧಾರೆಯನ್ನೇ ಎರಡೆರಡು ಸಲ ಎರೆಸಿದ ಮಹಾನುಭಾವ ಅವನು. ಕಾಪು ಕಡಲತೀರದ ಈ ಮದುವೆಯಲ್ಲಿ ಚೀನೀ ಶಾಸ್ತ್ರವೂ ಇತ್ತು. ಮಣಿಪಾಲದಲ್ಲಿ ಓದಿದ ಮಲೇಶಿಯಾದ ಚೀನೀ ಮದುಮಗಳು ಹುಯಿ ಶಾನ್, ಉಡುಪಿಯ ಮದುಮಗನೊಂದಿಗೆ ಮಂಡಿಯೂರಿ ತನ್ನ ಅಜ್ಜಿಗೆ ಚಹಾ ಕೊಡಬೇಕು.

"ಅಜ್ಜಿ ಕಣ್ಣು ಮುಚ್ಚಿದರು ಮಾರಾಯ್ರೆ, ಇನ್ನೊಮ್ಮೆ!"

ರಘುಪತಿ ಹೀಗೆ ಕೂಗಿದಾಗಲೆಲ್ಲ ಚಹಾದ ಕಪ್ ತುಂಬಿತು, ಅಜ್ಜಿ ಪಾಪ ಕುಡಿದರು. ಕೊನೆಗೆ ಹೊಟ್ಟೆ ಹಿಡಿದುಕೊಂಡು ಎದ್ದವರು ಅವನ ಕ್ಯಾಮೆರಾ ಕಿತ್ತುಕೊಂಡು, ಅವನನ್ನೇ ಕುರ್ಚಿಯಲ್ಲಿ ಕೂರಿಸಿ, ಚಹಾ ಕೈಗಿಟ್ಟರು. ಅವನು ಕುಡಿದ. ಫ್ಲ್ಯಾಶ್ ಬಿತ್ತು. ಅಜ್ಜಿ ಮುಖ ಸಿಂಡರಿಸಿ ಏನೋ ಅಂದರು.

ಹುಯಿ ಶಾನ್ ನಗು ತಡೆದುಕೊಂಡು ಕನ್ನಡದಲ್ಲಿ ಹೇಳಿದಳು: "ನೀವು ಕಣ್ಣು ಮುಚ್ಚಿದಿರಂತೆ. ಇನ್ನೊಮ್ಮೆ."