ಹಳೇ ಬಾವಿಯ ಹಸಿರು

ಹಳೆಯ ಸೀರೆಯ ಮೇಲೆ ಒಣಗಿದ್ದ ಹಸಿರು ಪದರನ್ನು ನೀಲಕಂಠ ಕೆರೆದು ಡಬ್ಬಿಗೆ ತುಂಬುತ್ತಿದ್ದ. ತಾಲೂಕು ಕೇಂದ್ರ ಉಮರ್ಗಾದ ಒಂದು ತರಬೇತಿಯಲ್ಲಿ ಸ್ಪಿರುಲಿನಾ ಬೆಳೆಸುವುದನ್ನು ಅವನು ನೋಡಿ ಬಂದಿದ್ದ. ಸಿಮೆಂಟಿನ ತೊಟ್ಟಿ, ಸೋಡಾ ಬೆರೆಸಿದ ನೀರು, ಅದರಲ್ಲಿ ಕಡು ಹಸಿರು ಪಾಚಿ. ಪ್ರೋಟೀನು ಹೇರಳ, ಕಬ್ಬಿಣದ ಅಂಶವೂ ಉಂಟು ಎಂದು ಅಲ್ಲಿ ಹೇಳಿದ್ದರು. ತೊಟ್ಟಿ ಕಟ್ಟುವಷ್ಟು ತಾಳ್ಮೆ ಅವನಿಗಿರಲಿಲ್ಲ. ಭೂಕಂಪದಲ್ಲಿ ನೆಲಕಚ್ಚಿದ ಹಳೇ ಊರಿನ ಬಾವಿಯಲ್ಲಿ ಅಂಥದೇ ಹಸಿರು ಕೆನೆಗಟ್ಟಿತ್ತು. ಜನ ಹೊಸ ಊರಿಗೆ ಬಂದ ಮೇಲೆ ಆ ನೀರನ್ನು ಯಾರೂ ಸೇದಿರಲಿಲ್ಲ. ಅದನ್ನೇ ಅವನು ಬುಟ್ಟಿಯಲ್ಲಿ ತಂದು ಒಣಗಿಸುತ್ತಿದ್ದ.

ಹೆಂಡತಿ ಭುವನೇಶ್ವರಿ ಏಳು ತಿಂಗಳ ಬಸುರಿ. ರಕ್ತ ಕಡಿಮೆಯೆಂದು ದವಾಖಾನೆಯಲ್ಲಿ ಕೊಟ್ಟ ಗುಳಿಗೆಯಿಂದ ಹೊಟ್ಟೆ ತೊಳಸುತ್ತದೆ ಎಂದು ಅವಳು ಹೇಳಿದಾಗ, ಅವನೇ ಅದನ್ನು ನಿಲ್ಲಿಸಿ ಈ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಕೊಡತೊಡಗಿದ್ದ.

"ಬಾವಿ ನಾತ ಹೊಡೀತದ ರೀ ಇದು," ಎಂದಳು ಅವಳು, ಲೋಟ ಹಿಡಿದು.

"ಔಷಧ ಏನ್ ಪೇಢಾ ಇರ್ತದೇನು? ಕುಡಿ."

"ನೀವೂ ಒಂದ್ ಗುಟುಕು ಕುಡೀರಿ ಮತ್ತ."

"ನಾ ಏನ್ ಬಸುರಿ ಆಗೀನೇನು?"

ಅವಳು ನಕ್ಕು, ಮೂಗು ಹಿಡಿದು ಕುಡಿದಳು.

ಆ ಮನೆಯಲ್ಲಿ ಅಕ್ಕಿ ತೊಳೆದ ನೀರಾಗಲಿ, ಪಾತ್ರೆ ಬಳಿದ ನೀರಾಗಲಿ ಮೋರಿಗೆ ಹೋಗುವಂತಿರಲಿಲ್ಲ. ಉಣ್ಣುವ ಪದಾರ್ಥ ಸೋಕಿದ ನೀರೆಲ್ಲ ದನಗಳ ಮುಸುರೆ ಬಾನಿಗೆ. ಅಂದು ನೀಲಕಂಠ ಪಾಚಿ ತಂದ ಬುಟ್ಟಿಗಳನ್ನು ಮೊದಲ ಸಲ ಮನೆಯಲ್ಲೇ ತೊಳೆದ. ತಾಯಿ ಕಾಂತಾಬಾಯಿ ಆ ದಟ್ಟ ಹಸಿರು ನೀರನ್ನು ದೇವಣಿ ತಳಿಯ ಕರುವಿನ ಮುಂದಿಟ್ಟಳು. ಕರು ಬಾನಿಯ ತಳದವರೆಗೂ ಕುಡಿಯಿತು. ಮಧ್ಯಾಹ್ನ ಅದರ ಹಿಂಗಾಲುಗಳು ನಡುಗತೊಡಗಿದವು. ಹೊತ್ತು ಇಳಿಯುವ ಮೊದಲೇ ಕತ್ತು ಚಾಚಿ ಬಿದ್ದು ಸತ್ತಿತು.

"ಬಿಸಲು ಬಡದದ," ಎಂದ ನೀಲಕಂಠ.

"ನೆರಳಾಗ ಕಟ್ಟಿದ ಕರಕ್ಕ ಬಿಸಲು ಹ್ಯಾಂಗ ಬಡೀತದೋ?" ಕಾಂತಾಬಾಯಿ ಬಾನಿಯನ್ನು ಕಾಲಿನಿಂದ ಮಗನ ಕಡೆ ತಳ್ಳಿದಳು. "ಅದು ಏನು ಕುಡದದ ನಾ ನೋಡೀನಿ. ನೀ ಆಕಿಗಿ ಏನು ಕುಡಿಸ್ಲಿಕತ್ತಿ, ಅದನ್ನೂ ನೋಡೀನಿ."

ಒಳಗೆ ಭುವನೇಶ್ವರಿ ವಾಂತಿ ಮಾಡುತ್ತಿರುವ ಸದ್ದು ಕೇಳಿಸಿತು.

ಜೀಪು ಹಿಡಿದು ಉಮರ್ಗಾ ದವಾಖಾನೆ ಸೇರಿದರು. ಡಾಕ್ಟರ್ ಮೀನಲ ನಾಡಿ ನೋಡುತ್ತ ಕೇಳಿದರು: "ಹೊರಗಿಂದು ಏನರ ತಿಂದೀಯೇನವ್ವಾ?"

ಭುವನೇಶ್ವರಿ ಗಂಡನನ್ನು ನೋಡಿದಳು. ಬಾಗಿಲ ಬಳಿಯ ಬೆಂಚಿನ ಮೇಲೆ ಜೊತೆಗೆ ಬಂದ ಊರಿನವರಿದ್ದರು. ಸಾಯನ್ಸ್ ಕಲಿತವ ಎಂದು ಅವನ ಮಾತಿಗೆ ತಲೆದೂಗುವವರು.

"ಇಲ್ರಿ. ಮನಿ ಊಟಾನೇ," ಎಂದಳು ಅವಳು.

"ಬಸುರ್ಯಾಗ ಹಿಂಗ ಆಗ್ತದ. ಗುಳಿಗಿ ಬರದೀನಿ, ಮನಿಗಿ ಕರಕೊಂಡು ಹೋಗ್ರಿ."

ನೀಲಕಂಠ ಚೀಟಿ ತೆಗೆದುಕೊಂಡ. ಹೆಂಡತಿಯನ್ನು ಎಬ್ಬಿಸಲು ಹಿಡಿದ ಅವಳ ಕೈ ತಣ್ಣಗಿತ್ತು. ಅವನು ಅಲ್ಲೇ ನಿಂತ.

"ಮನಿ ಊಟ ಅಲ್ರಿ ಮೇಡಮ್. ಸ್ಪಿರುಲಿನಾ ಅಂತ ಹೇಳಿ ಹಳೇ ಬಾವಿ ಪಾಚಿ ನಾ ತಿನಿಸೀನಿ. ರಕ್ತದ ಗುಳಿಗಿನೂ ನಾನೇ ಬಿಡಿಸೀನಿ. ಪಾಚಿ ತೊಳದ ನೀರು ಕುಡದು ಇವತ್ತು ಕರ ಸತ್ತದ."

ಬೆಂಚಿನ ಮೇಲಿದ್ದವರು ಅವನ ಕಡೆ ತಿರುಗಿದರು.

"ಸ್ಪಿರುಲಿನಾ ಕೆಟ್ಟದ್ದಲ್ಲ," ಎಂದರು ಡಾಕ್ಟರ್. "ಸ್ವಚ್ಛ ತೊಟ್ಟಿಯಾಗ ಬೆಳಸಿ, ಪರೀಕ್ಷಾ ಮಾಡಿದ್ದು ಇದ್ದರ ಊಟದ ಜೋಡಿ ನಡೀತದ, ಅದೂ ಬಸುರಿ ಇದ್ದಾಗ ನಮಗ ಕೇಳಿ. ಗುಳಿಗಿ ಬದಲಿ ಅಂತೂ ಅಲ್ಲ. ಬಾವಿಯಾಗಿಂದು ಯಾವ ಪಾಚಿ ಅಂತ ಹ್ಯಾಂಗ ಗುರುತು ಹಿಡದ್ರಿ?"

"ಬಣ್ಣ ನೋಡಿ," ಎಂದ ಅವನು.

ಡಾಕ್ಟರ್ ಅವನ ಕೈಯಿಂದ ಚೀಟಿ ಕಸಿದು ಹರಿದರು. ಅವಳನ್ನು ಭರ್ತಿ ಮಾಡಿಕೊಳ್ಳಲು ಒಂದು ಪಲ್ಲಂಗ ಖಾಲಿ ಮಾಡುವಂತೆ ನರ್ಸ್‌ಗೆ ಹೇಳಿದರು. ಯಕೃತ್ತಿನ ಪರೀಕ್ಷೆಗೆ ರಕ್ತ ತೆಗೆಸಿದರು. ಆಮೇಲೆ ಕೂಸಿನ ಎದೆಬಡಿತ ಕೇಳುವ ಯಂತ್ರವನ್ನು ಭುವನೇಶ್ವರಿಯ ಹೊಟ್ಟೆಯ ಮೇಲಿಟ್ಟರು. ಗರಗರ ಸದ್ದು ಮಾತ್ರ ಬಂತು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು. ಭುವನೇಶ್ವರಿ ಗಂಡನ ಮುಖದಿಂದ ಕಣ್ಣು ಕೀಳಲಿಲ್ಲ.

"ಬಡಿತ ಅದ," ಎಂದರು ಡಾಕ್ಟರ್ ಕೊನೆಗೆ. "ಸದ್ಯಕ್ಕ ಅದ."