ಕೆಂಡ ಎತ್ತುವ ಕೈ

ಹಂದಿಯ ತೊಗಲನ್ನು ಹುಲ್ಲಿನ ಬೆಂಕಿಯಲ್ಲಿ ಸುಡುವ ವಾಸನೆ, ಗಾಳಿಬೀಡಿನ ತವರಿನ ಅಂಗಳದ್ದು, ಅಪ್ಪ ಕತ್ತಿಯಲ್ಲಿ ಕೂದಲು ಹೆರೆಯುತ್ತಿದ್ದರೆ ನಾನು ಮೂಗು ಮುಚ್ಚಿಕೊಂಡೂ ಅಲ್ಲೇ ನಿಲ್ಲುತ್ತಿದ್ದೆ — ಇವತ್ತು ಬೆಳಿಗ್ಗೆ ರೊಟ್ಟಿ ಬೇಯಿಸುವಾಗ ಅದೇ ವಾಸನೆ, ಇಷ್ಟು ಹೊತ್ತಿಗೆ ಯಾರಪ್ಪ ಹಂದಿ ಸುಡುವವರು ಎಂದು ಕಿಟಕಿಯಾಚೆ ನೋಡಿದೆ, ಆಮೇಲೆ ಕೆಳಗೆ ನೋಡಿದರೆ ಸುಡುತ್ತಿದ್ದುದು ನನ್ನದೇ ಕಿರುಬೆರಳು, ಕಾವಲಿಯ ಅಂಚಿಗೆ ಅಂಟಿಕೊಂಡು. ಮೂಗಿನಿಂದ ಸುದ್ದಿ ಬಂತು, ಬೆರಳಿನಿಂದ ಬರಲಿಲ್ಲ. ಮಧ್ಯಾಹ್ನ ಮಡಿಕೇರಿಯ ಡಾಕ್ಟರು ಅದನ್ನು ನನಗೆ ವಿವರಿಸಲಿಲ್ಲ, ನನ್ನ ಗಂಡನಿಗೆ ವಿವರಿಸಿದರು, ನೋಡಿ ಪೊನ್ನಪ್ಪನವರೇ, ನರ ಅಂದರೆ ಟಪಾಲು ಕಚೇರಿಯ ತಂತಿ ಇದ್ದ ಹಾಗೆ, ಇಲ್ಲಿ ಕಟ್ ಕಟ್ ಎಂದು ಕುಟ್ಟಿದರೆ ಮೈಸೂರಿನಲ್ಲೂ ಕಟ್ ಕಟ್, ನಿಮ್ಮ ಮನೆಯವರ ತಂತಿ ಕೆಟ್ಟಿದೆ ಅಷ್ಟೆ — ತಂತಿಯಂತೆ! ಮದರಾಸಿನ ಕಾಲೇಜಿನಲ್ಲಿ ನರದ ಜೀವಕೋಶದ ಚಿತ್ರ ಬರೆದು ಬಹುಮಾನ ತೆಗೆದುಕೊಂಡವಳು ನಾನು, ಟೊಂಗೆಟೊಂಗೆಯ ತಲೆ, ಉದ್ದನೆಯ ಬಾಲ, ಈ ಬಾಲಕ್ಕೂ ಮುಂದಿನ ಕೋಶದ ಟೊಂಗೆಗೂ ನಡುವೆ ಕೂದಲೆಳೆಗಿಂತ ಸಣ್ಣ ಸಂದು, ಅದನ್ನು ದಾಟಿ ಹೋದರೆ ಸುದ್ದಿ ಪೂರ್ತಿ ಹೋಗುತ್ತದೆ, ಇಲ್ಲವಾದರೆ ಇಲ್ಲವೇ ಇಲ್ಲ, ಅರೆಮನಸ್ಸಿನ ಸುದ್ದಿ ನರಕ್ಕೆ ಗೊತ್ತಿಲ್ಲ. ಕೆಂಡ ತಾಗಿದರೆ ಬೆನ್ನುಹುರಿಯೇ ಕೈಯನ್ನು ಹಿಂದಕ್ಕೆಳೆಸುತ್ತದೆ, ಮೆದುಳಿಗೆ ತಿಳಿಯುವುದು ಆಮೇಲೆ. ಇಷ್ಟೆಲ್ಲ ಓದಿದವಳು ಎರಡು ವರ್ಷ ಬರಿಗೈಯಲ್ಲಿ ಕೆಂಡ ಎತ್ತಿದಳು, ಅದನ್ನು ಗಟ್ಟಿತನ ಎಂದುಕೊಂಡಳು. ಥೂ. ತೋಟಕ್ಕೆ ಬಂದ ಬಿಳಿ ದೊರೆಗಳ ಚುಟ್ಟಾಕ್ಕೆ ನನ್ನಿಂದ ಕೆಂಡ ತರಿಸಿ ಇವರು ಮೀಸೆ ತಿರುವಿದ್ದೇನು, ನಮ್ಮ ನೀಲುನ ಕೈ ಕಂಡ್ರಾ, ಕೆಂಡ ಹಿಡ್ದರೂ ಎಂತ ಇಲ್ಲೆ. ಅಡುಗೆಮನೆಯ ಕೆಲಸದವಳು ದೊಡ್ಡಿ, ಬಟ್ಟೆ ಹಿಡಿದು ಪಾತ್ರೆ ಇಳಿಸಿದರೆ ನಾನು ಅಂದದ್ದೇನು, ಬೆಣ್ಣೆ ಕೈ ಕಣೇ ನಿಂದು, ದೊಡ್ಡ ರಾಣಿ. ಅವಳು, ಸುಡ್ತದಲ್ಲಮ್ಮಾ, ಅಂತ ನಕ್ಕಳು. ಡಾಕ್ಟರು ನನ್ನ ಕಣ್ಣು ಮುಚ್ಚಿಸಿ, ಹತ್ತಿ ತಾಗಿದಾಗ ಹೂಂ ಅನ್ನಿ ಎಂದರು, ಅವರ ಕುರ್ಚಿ ಕಿರುಗುಟ್ಟಿದಾಗಲೆಲ್ಲ ಹೂಂ ಅಂದೆ, ನನ್ನ ಕಾಲೇಜಿನ ಜಾಣತನ ನೋಡಿ; ಡಾಕ್ಟರು, ನಾನಿನ್ನೂ ಮುಟ್ಟಲೇ ಇಲ್ಲವಲ್ಲ, ಅಂದರು. ರೋಗದ ಹೆಸರನ್ನು ಇವರಿಗೆ ಇಂಗ್ಲಿಷಿನಲ್ಲಿ ಹೇಳಿದರು, ನನಗೆ ಇಂಗ್ಲಿಷ್ ಬಾರದೆಂಬಂತೆ. ಕುಷ್ಠ, ಎನ್ನಿ ಸ್ವಾಮಿ, ಬಾಯಿ ಸುಡುವುದಿಲ್ಲ. ಡಾಕ್ಟರು ಎರಡು ಸಲ ಕೈ ತೊಳೆದುಕೊಂಡರು, ಬೇರೆ ಕೋಣೆ, ಬೇರೆ ತಟ್ಟೆ, ವಾರಕ್ಕೊಂದು ಎಣ್ಣೆಯ ಇಂಜೆಕ್ಷನ್, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ಘಟ್ಟದ ಕೆಳಗಿನ ರೋಗಿಗಳ ಆಶ್ರಮಕ್ಕೆ ಬರೆದುಕೊಡುತ್ತೇನೆ, ಅಂದರು. ಇವರಿಗೆ ಅದೊಂದೇ ಮಾತು ಕೇಳಿಸಿತು. ಕಾರಿನಲ್ಲಿ ಬಾಗಿಲಿಗೆ ಅಂಟಿ ಕುಳಿತರು, ಮನೆಗೆ ಬಂದದ್ದೇ ನನ್ನ ಮಂಚವನ್ನು ಕಾಫಿ ಗೋದಾಮಿನ ಪಕ್ಕದ ಕೋಣೆಗೆ ಹಾಕಿಸಿದರು, ಅಂಗಳದ ಆ ತುದಿಯಿಂದ, ಮೀಸೆ ಜೋತು, ಇನ್ನ್ ನಿಂಗೆ ಅನ್ನ ಕೊಡಿಕೆ ಯಾರಿದ್ದಾರೆ ನೀಲು, ಕೆಲಸದವ್ರು ಓಡಿಹೋದಾರ್, ಆಶ್ರಮವೇ ಒಳ್ಳೇದ್ — ಎಂಟು ವರ್ಷ ಕೈ ಹಿಡಿದ ಗಂಡಸು, ನರ ಸತ್ತದ್ದು ನನ್ನದೋ ಇವರದೋ. ಹೋಗುತ್ತೇನೆ, ಯಾರ ಕಾಲೂ ಹಿಡಿಯುವುದಿಲ್ಲ, ಹಿಡಿದರೂ ನನಗೆ ಗೊತ್ತಾಗುವುದಿಲ್ಲವಲ್ಲ, ಅದೊಂದು ಅನುಕೂಲ. ಹೆಜ್ಜೆಯ ಸದ್ದು. ದೊಡ್ಡಿ. ತಟ್ಟೆ ತಂದಿದ್ದಾಳೆ, ಹೊಸ್ತಿಲಲ್ಲಿಟ್ಟು ಓಡುತ್ತಾಳೆ, ಇಟ್ಟು ಓಡಲಿ — ಇಡಲಿಲ್ಲ. ಇವರು ಅಂಗಳದಿಂದ ನೋಡುತ್ತಿದ್ದಾರೆ, ಅವಳು ಅತ್ತ ತಿರುಗಲೂ ಇಲ್ಲ, ಒಳಗೆ ಬಂದು, ತಟ್ಟೆಯ ತಳಕ್ಕೆ ತನ್ನ ಅಂಗೈ ಒತ್ತಿ ನೋಡಿದಳು, ಬಿಸಿ, ಆರಲೆಂದು ಕಾದಳು, ಮತ್ತೆ ಒತ್ತಿ ನೋಡಿದಳು, ಅಂಗೈ, ಅವಳ ಅಂಗೈ, ಆಮೇಲೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.