ಕುಂಕುಮ ಹತ್ತಿದ ವೈರು

ಗಂಡನ ಹೆಸರು ಬಾಯಿಲೆ ಹೇಳಬಾರದು ಅಂತಾರ. ನಾ ಹೇಳೇ ಹೇಳತೇನಿ: ನಿಜಗುಣಪ್ಪ. ದೊಡವಾಡದಾಗ ಇಳದು ಗಿರಣಿ ನಿಜಗುಣಪ್ಪನ ಮನಿ ಎಲ್ಲಿ ಅಂತ ಕೇಳ್ರಿ, ಯಾರರ ಬೆರಳು ಮಾಡಿ ತೋರಸತಾರ. ಹಿಟ್ಟಿನ ಗಿರಣಿ ಮಾರಿ ಆಗೇತಿ, ಹೆಸರು ಮಾತ್ರ ಉಳದೈತಿ. ನಾ ಅವರ ಹೆಂಡತಿ ದೇವಕ್ಕ. ನನ್ನ ಬಾಯಿ ಜೋರು ಅನ್ನೂದು ಓಣಿಗೆಲ್ಲ ಗೊತ್ತು, ಅದರಾಗ ಮುಚ್ಚಿಡೂದೇನೈತಿ.

ಅವರ ಎರಡೂ ಕಿಡ್ನಿ ಕೈ ಕೊಟ್ಟಾವು. ಸೋಮವಾರ, ಗುರುವಾರ ಬೈಲಹೊಂಗಲದ ದವಾಖಾನಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಮೈಯಾಗಿನ ರಕ್ತ ಮಷೀನಿಗೆ ಬಿಟ್ಟು, ತೊಳದು, ತಿರುಗಿ ಮೈಗೆ ಬಿಡೂದು. ಉಪ್ಪು ತಿಂದವ ನೀರು ಕುಡೀಬೇಕು ಅಂತಾರಲ್ಲ, ನಮ್ಮವರಿಗೆ ಉಪ್ಪೂ ಇಲ್ಲ, ನೀರೂ ಇಲ್ಲ. ಒಂದು ಸಣ್ಣ ಚಂಬು ನೀರು ದಿನಾಪೂರ್ತಿ ಗುಟುಕು ಗುಟುಕು ಮಾಡಿ ಕುಡೀತಾರ. ಅದನ್ನ ನೋಡಿದಾಗ ನನ್ನ ಗಂಟಲಾಗೂ ನೀರು ಇಳಿಯೂದಿಲ್ಲ.

ಕಾಲಿಗೆ ಬಾವು ಬರೂದು ಸುರು ಆದಾಗ ಅವರs ನನಗ ಗಾಡಿ ಹೊಡಿಯೂದು ಕಲಿಸಿದ್ರು. ನಮ್ಮದು ಹಳೇ ಬಿಳಿ ಮಾರುತಿ ಗಾಡಿ. ಊರ ಹೊರಗಿನ ಬಯಲಾಗ ಕಲಿಸಿದ್ರು, ಬೈದು ಬೈದು ಕಲಿಸಿದ್ರು. ನಾನೂ ತಿರುಗಿ ಬೈದು ಬೈದು ಕಲತೆ. ಅಲ್ಲಿಂದ ಇಲ್ಲೀತನಕ ನಾನs ಕರಕೊಂಡು ಹೋಗೂದು, ನಾನs ಕರಕೊಂಡು ಬರೂದು.

ಆ ಸೋಮವಾರ ಮುಂಜಾನೆ ಕೀಲಿ ತಿರುವಿದೆ. ಟಕ್ ಅಂತು, ಅಷ್ಟs. ಮತ್ತ ತಿರುವಿದೆ, ಅದೂ ಇಲ್ಲ. ಬಾಜೂ ಮನಿ ಭರಮಪ್ಪ ಬಂದು ನೂಕಿದ, ಓಣಿ ಮಂದಿ ನೂಕಿದ್ರು, ಗಾಡಿ ಜಪ್ಪ ಅನ್ನಲಿಲ್ಲ.

"ಬ್ಯಾಟರಿ ಹೋಗೇತಿ," ಅಂತ ಗಾಡಿ ಒಳಗ ಕುಂತಲ್ಲೇ ಹೇಳಿದ್ರು ನಮ್ಮವರು.

ಭರಮಪ್ಪ ತನ್ನ ಟಂಟಂ ರಿಕ್ಷಾ ತರತೇನಿ ಅಂದ. "ಬ್ಯಾಡ," ಅಂದ್ರು. ಬಾಡಿಗಿ ಗಾಡಿ ಹೇಳತೇನಿ ಅಂದೆ. ಅದೂ ಬ್ಯಾಡ. ಇಳದು ಹೋಗಿ ಪಡಸಾಲ್ಯಾಗಿನ ಮಂಚದ ಮ್ಯಾಲ ಗ್ವಾಡಿ ಕಡೆ ಮಾರಿ ಮಾಡಿ ಅಡ್ಡಾದ್ರು. ನಾ ಬೈದೆ, ಕೈ ಮುಗದೆ, ರಾಮದುರ್ಗಕ್ಕ ಕೊಟ್ಟ ಮಗಳು ಶಿವಾನಿಗೆ ಫೋನ್ ಹಚ್ಚಿ ಕಿವಿಗೆ ಹಿಡದೆ. ಮಗಳ ಮಾತಿಗೆ ಹೂಂ ಅಂದ್ರು, ಮ್ಯಾಲೆ ಏಳಲಿಲ್ಲ.

ಮಂಗಳವಾರ ಮುಂಜಾನೆ ನೋಡತೇನಿ, ಮಾರಿ ಬಾತೈತಿ. ಮಲಕ್ಕೊಂಡ್ರ ಉಸಿರು ಆಡವಲ್ದು, ದಿಂಬು ಕೊಟ್ಟು ಕುಂಡರಿಸಿದೆ. ದವಾಖಾನಿಗೆ ಫೋನ್ ಮಾಡಿದೆ. "ಸಂಜಿಮುಂದ ಒಂದು ಮಷೀನ್ ಖಾಲಿ ಐತ್ರಿ, ಅಷ್ಟೊತ್ತಿಗೆ ಕರಕೊಂಡು ಬರ್ರಿ. ಇನ್ನ ತಡಾ ಮಾಡಬ್ಯಾಡ್ರಿ," ಅಂತ ನರ್ಸಬಾಯಿ ಒತ್ತಿ ಹೇಳಿದ್ಲು.

ಅವರ ಮುಂದ ಹೋಗಿ ನಿಂತೆ. "ಯಾಕ ಹಿಂಗ ಮಾಡತೀರಿ? ಖರೇ ಹೇಳ್ರಿ."

"ಸಾಕಾಗೇತಿ ದೇವಕ್ಕ," ಅಂದ್ರು. "ಸೂಜಿ ಸಾಕಾಗೇತಿ. ಆ ಹಾಸಿಗಿ ಸಾಕಾಗೇತಿ. ನೋಡು, ಗಾಡಿ ತಾನs ನಿಂತೈತಿ. ಅದಕ್ಕರ ತಿಳದೈತಿ, ನಿನಗ ತಿಳೀವಲ್ದು."

ಅಳೂದು ಬರೂಕಿಂತ ಮೊದಲ ನನಗ ಸಿಟ್ಟು ಬರತದ, ಹುಟ್ಟುಗುಣ.

"ಗಾಡಿ ಚಾಲೂ ಆದ್ರ ಬರತೀರೇನು?"

ನಕ್ಕರು. ನಗಾಕೂ ಉಸಿರು ಸಾಲಲಿಲ್ಲ. "ಮೆಕ್ಯಾನಿಕ್‌ನ ಕರೀಬಾರದು. ಭರಮಪ್ಪ ಕೈ ಹಚ್ಚಬಾರದು. ನಿನ್ನ ಕೈಯಾರೆ ಬ್ಯಾಟರಿ ಬದಲ ಮಾಡಿ ಚಾಲೂ ಮಾಡು, ಬರತೇನಿ. ಆಗಲಿಲ್ಲಂದ್ರ ನನ್ನ ನನ್ನ ಪಾಡಿಗೆ ಬಿಡು."

ಇದು ಈಕಿ ಕೈಲೆ ಆಗೂದಿಲ್ಲಂತ ತಿಳದು ಹಾಕಿದ ಕರಾರು. ಬಾಗಿಲದಾಗ ಭರಮಪ್ಪ ನಿಂತಿದ್ದ. "ಕೇಳಿದೇನಪಾ ಭರಮಪ್ಪ? ನೀನs ಸಾಕ್ಷಿ," ಅಂದೆ. ಕಾಲಾಗ ಚಪ್ಪಲಿ ಮೆಟ್ಟಿ ಬೈಲಹೊಂಗಲ ಬಸ್ ಹಿಡದೆ.

ಬಸ್‌ಸ್ಟ್ಯಾಂಡ್ ಬಾಜೂಕ ಇಸ್ರಾರನ ಬ್ಯಾಟರಿ ಅಂಗಡಿ. ಗಿರಣಿ ಇದ್ದಾಗಿಂದ ನಮ್ಮ ಮನಿ ಪರಿಚಯ. ಗಾಡಿ ಹೆಸರು ಹೇಳಿದ ಕೂಡಲೇ ಎರಡು ಬ್ಯಾಟರಿ ತಂದು ಮುಂದ ಇಟ್ಟ.

"ಎರಡೂ ನಿಮ್ಮ ಗಾಡಿಗೆ ಕೂಡತಾವ್ರಿ ಅಕ್ಕಾರ. ಅಳತಿ ಅದs, ತಾಕತ್ತೂ ಅದs. ಇದು ಕಮ್ಮಿ ಗ್ಯಾರಂಟೀದು. ಇದು ಬಾಳ ವರ್ಷದ ಗ್ಯಾರಂಟಿ. ಗಾಡಿ ಎಷ್ಟು ದಿನ ಇಟ್ಟಕೋತೀರಿ ಅನ್ನೂದರ ಮ್ಯಾಲ ನೋಡ್ರಿ. ಮುಂದ ಮಾರೂದಿದ್ರ ಸಣ್ಣದs ಸಾಕು."

ಪಾಪ, ಅವ ಎಲ್ಲಾ ಗಿರಾಕಿಗೂ ಹಿಂಗs ಕೇಳತಿರಬೇಕು. ಆದ್ರ ನಮ್ಮ ಮನ್ಯಾಗ ಆ ಗಾಡಿ ಎಷ್ಟು ದಿನ ಬೇಕಾಗತದ ಅಂತ ಲೆಕ್ಕ ಹಾಕಬೇಕಾದ್ರ ಮತ್ತೊಂದು ಲೆಕ್ಕ ಹಾಕಬೇಕಾಗತಿತ್ತು. ನಾ ಹಾಕಲಿಲ್ಲ.

"ದೊಡ್ಡ ಗ್ಯಾರಂಟೀದು ಕೊಡು," ಅಂದೆ. ದನಿ ಯಾಕೋ ಜಗಳದ ದನಿ ಆತು.

ಮಾಡಿದ ತಾರೀಕು ತೋರಸು ಅಂತ ಕೇಳಿದೆ. ಅಂಗಡ್ಯಾಗ ಬಾಳ ದಿನ ಕುಂತ ಬ್ಯಾಟರಿ ತಂಗಳ ರೊಟ್ಟಿ ಇದ್ದಂಗ ಅಂತ ನಮ್ಮವರು ಯಾವಾಗೂ ಅಂತಿದ್ರು. ಮ್ಯಾಲೆ ಒತ್ತಿದ್ದ ತಾರೀಕು ಇಸ್ರಾರ ಓದಿ ತೋರಿಸಿದ. ಹೋದ ತಿಂಗಳದ್ದು. ಮೀಟರ್ ಹಚ್ಚಿ ಕರೆಂಟ್ ತುಂಬೇತಿ ಅನ್ನೂದನ್ನೂ ತೋರಿಸಿದ.

"ಯಾರು ಕೂಡಸತಾರ್ರಿ?"

"ನಾನ."

ಒಂದು ಸಲ ನನ್ನ ನೋಡಿದ. ನಗಲಿಲ್ಲ, ಅದಕ್ಕ ಅವನ ಹೊಟ್ಟಿ ತಣ್ಣಗಿರಲಿ. "ಹಂಗಾದ್ರ ಕೇಳ್ರಿ. ಕೆಂಪು ವೈರು ಪ್ಲಸ್, ಕರೀದು ಮೈನಸ್. ಬಿಚ್ಚುವಾಗ ಮೊದಲ ಕರೀದು. ಕೂಡಿಸುವಾಗ ಮೊದಲ ಕೆಂಪು. ಉಲ್ಟಾ ಆದ್ರ ಕಿಡಿ ಹಾರತದ, ಫ್ಯೂಜ್ ಸುಟ್ಟು ಗಾಡಿ ಕೆಟ್ಟು ಕುಂದರತದ. ಮತ್ತ, ಆ ಕೈಯಾಗಿನ ಪಾಟ್ಲಿ ತಗದಿಡ್ರಿ. ಬಂಗಾರಕ್ಕೂ ಕರೆಂಟ್ ಹೊಡೀತದ."

ಹಳೇ ಬ್ಯಾಟರಿ ನಾಳೆ ತಂದು ಕೊಡ್ರಿ, ಎಲ್ಲಿ ಓಡಿ ಹೋಗತೀರಿ ಅಂದ. ಹೊಸಾದನ್ನ ತೊಡಿ ಮ್ಯಾಲ ಇಟಗೊಂಡು ಬಸ್ಸಿನಾಗ ಕುಂತೆ. ವಾಲಿದ್ರ ಆಸಿಡ್ ಚೆಲ್ಲತದ ಅಂತ ದಾರಿ ತುಂಬ ಎರಡೂ ಕೈಲೆ ಹಿಡಕೊಂಡೇ ಇದ್ದೆ. ಕೈ ಜೋಮು ಹತ್ತಿದ್ವು.

ಮನಿಗೆ ಬಂದಾಗ ಮಧ್ಯಾಹ್ನ ಇಳದಿತ್ತು. ಅವರು ದಿಂಬಿಗೆ ಒರಗಿ, ಗ್ವಾಡಿ ಕಡೆ ಮಾರಿ ಮಾಡೇ ಕುಂತಿದ್ರು. ಬಂದ್ಯಾ ಅಂತನೂ ಕೇಳಲಿಲ್ಲ.

ಗಾಡಿ ಬಾಗಿಲ ಎದುರಿಗೇ ನಿಂತಿತ್ತು. ಮುಂದಿನ ಬಾನೆಟ್ ಎತ್ತಿ ಕೋಲು ಕೊಟ್ಟೆ. ಗಿರಣಿ ಪೆಟಗಿಯಿಂದ ನಟ್ಟು ಬಿಚ್ಚೂ ಪಾನಾ ತಂದೆ. ಪಾಟ್ಲಿ ತಗೀಬೇಕಂತ ಕೈ ಹಾಕಿದೆ, ಮನಸ್ಸು ಬರಲಿಲ್ಲ. ಇಂಥಾ ದಿನ, ಗಂಡ ಒಳಗ ಹಂಗ ಕುಂತಾಗ, ಕೈ ಬರಿದು ಮಾಡಿಕೊಳ್ಳೂದಾ? ಸುಡು ಸುಡು. ಹಳೇ ಸೀರಿ ಚೂರು ಹರದು ಪಾಟ್ಲಿ ಮ್ಯಾಲ ಗಟ್ಟಿ ಸುತ್ತಿದೆ.

ಭರಮಪ್ಪ ಕಟ್ಟಿ ಮ್ಯಾಲ ಕೈ ಕಟಗೊಂಡು ಕುಂತಿದ್ದ. "ನಾ ಏನೂ ಹೇಳಂಗಿಲ್ಲಬೇ ಯಕ್ಕಾ," ಅಂದ.

"ನೀ ಹೇಳಿದ್ರ ನಾ ಕೇಳತಿದ್ನೇನು?" ಅಂದೆ.

ಹಳೇ ಬ್ಯಾಟರಿ ಹೊಟ್ಟಿ ಉಬ್ಬಿತ್ತು. ತುದಿಗೆ ಬಿಳೇ ಉಪ್ಪು ಕಟ್ಟಿತ್ತು. ಬಿಸಿ ನೀರಾಗ ಅಡಗಿ ಸೋಡಾ ಕಲಸಿ ಹಾಕಿದೆ, ಬುರುಬುರು ನೊರಿ ಎದ್ದು ಉಪ್ಪು ಬಿಟ್ಟಿತು. ವೈರು ನೋಡಿದೆ. ಒಂದರ ತುದಿ ಕೆಂಪಗ ಇತ್ತು. ಇನ್ನೊಂದು ಕರೀದು, ಮ್ಯಾಲೆ ರಬ್ಬರ್ ಟೊಪ್ಪಿಗಿ ಬ್ಯಾರೆ. ಇಸ್ರಾರ ಹೇಳಿದಂಗ ಮೊದಲ ಕರೀದು ಬಿಚ್ಚಿದೆ, ಆಮ್ಯಾಲ ಕೆಂಪಂದು. ನಟ್ಟು ತುಕ್ಕು ಹಿಡದು ಕೂತಿತ್ತು. ಪಾನಾ ಜಾರಿ ಬೆರಳು ತರಚಿತು. ಬಾಯಿಗೆ ಬಂದದ್ದು ಬೈದೆ, ಬ್ಯಾಟರಿಗೆ, ಗಾಡಿಗೆ, ಅದನ್ನ ಮಾಡಿದಾವಗೆ. ಒಳಗ ಕುಂತಾವರಿಗೂ ಅದರಾಗ ಪಾಲಿತ್ತು.

ಹಳೇದನ್ನ ಎತ್ತಿ ಕೆಳಗಿಟ್ಟು ಹೊಸಾದು ಇಟ್ಟೆ. ಕೆಂಪು ವೈರು ಪ್ಲಸ್ ತನಕ ಮುಟ್ಟಲಿಲ್ಲ. ಬ್ಯಾಟರೀನs ತಿರುವಿ ಇಟ್ಟೆ, ಸರೀ ಮುಟ್ಟಿತು. ನೋಡು, ಎಷ್ಟು ಹಗರ ಕೆಲಸ, ಗಂಡಸರು ಸುಮ್ನ ದೊಡ್ಡದು ಮಾಡತಾರ ಅಂತ ಮನಸಿನ್ಯಾಗ ಅಂದುಕೊಂಡು ಕೆಂಪಂದು ಬಿಗದೆ. ಕರೀದು ಎತ್ತಿ ಮೈನಸ್ ಮ್ಯಾಲ ಇಡಾಕ ಬಗ್ಗಿದೆ.

"ಏ! ಏ ಹುಚ್ಚಿ! ಬಿಡು! ಕೈ ಬಿಡು!"

ಆ ದನಿ ಕೇಳಿ ಎಷ್ಟು ದಿನ ಆಗಿತ್ತೋ. ಗಿರಣಿ ಪಟ್ಟಾ ಓಡುವಾಗ ಹತ್ತು ಮನಿ ತನಕ ಕೇಳತಿದ್ದ ದನಿ. ವೈರು ಕೈಯಿಂದ ಬಿತ್ತು. ತಿರುಗಿ ನೋಡತೇನಿ, ಅವರು ಬಾಗಿಲ ಚೌಕಟ್ಟು ಹಿಡಕೊಂಡು ನಿಂತಾರ. ಎದಿ ತಿದಿ ಒತ್ತಿದಂಗ ಏಳತೈತಿ, ಬೀಳತೈತಿ.

"ಬ್ಯಾಟರಿ ಉಲ್ಟಾ ಇಟ್ಟೀದಿ. ನೀ ಬಿಗದದ್ದು ಪ್ಲಸ್ ವೈರ್ ಅಲ್ಲ."

"ಕೆಂಪು ಐತಲ್ರಿ!"

"ಅದು ಕುಂಕುಮ. ಅಮಾಸಿಗೊಮ್ಮೆ ಗಾಡಿ ಪೂಜಿ ಮಾಡುವಾಗ ನೀನs ಹಚ್ಚಿದ್ದು. ವೈರು ಎರಡೂ ಕರೀವs. ಉಗುರಲೆ ಕೆರದು ನೋಡು."

ಕೆರದೆ. ಉಗುರಾಗ ಕುಂಕುಮ ಬಂತು, ಕೆಳಗ ಕರೀ ವೈರು. ಅಮಾಸಿ ಅಮಾಸಿಗೆ ಅವರು ಬಾನೆಟ್ ಎತ್ತತಿದ್ರು, ನಾ ಕೈಗೆ ನಿಲುಕೂ ತುದಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗತಿದ್ದೆ. ಇನ್ನೊಂದರ ಮ್ಯಾಲ ರಬ್ಬರ್ ಇತ್ತಂತ ಅದಕ್ಕ ಹಚ್ಚತಿರಲಿಲ್ಲ. ವರ್ಷಾನುಗಟ್ಟಲೆ ಗಂಡ, ಗಾಡಿ ಸುಖವಾಗಿರಲಿ ಅಂತ ಹಚ್ಚಿದ್ದು ಗಟ್ಟ್ಯಾಗಿ ಬಣ್ಣದಂಗ ಕುಂತಿತ್ತು.

ಆಗ ಹೊಳೀತು. ಗ್ವಾಡಿ ಕಡೆ ಮಾರಿ ಮಾಡಿ ಕುಂತಾವರಿಗೆ ಬ್ಯಾಟರಿ ಉಲ್ಟಾ ಇಟ್ಟದ್ದು ಹೆಂಗ ಕಾಣಿಸಿತು?

"ಸುಮ್ನ ಇದ್ದಿದ್ರ ನೀವು ಗೆಲ್ಲತಿದ್ರಿ," ಅಂದೆ. "ಫ್ಯೂಜ್ ಸುಟ್ಟು ಗಾಡಿ ನಿಲ್ಲತಿತ್ತು. ನಿಮ್ಮ ಕರಾರು ಮುಗೀತಿತ್ತು. ಯಾಕ ಒದರಿದ್ರಿ?"

"ಕಿಡಿ ಹಾರಿ ನಿನ್ನ ಕಣ್ಣಾಗ ಬಿದ್ದಿತ್ತಂದ್ರ?"

ಅಷ್ಟs ಅಂದ್ರು. ಅಲ್ಲೀತನಕ ತಡಕೊಂಡದ್ದು ನನ್ನ ಕೈ ಮೀರಿತು. ಭರಮಪ್ಪ ಇದ್ದಾನ, ಓಣಿ ಐತಿ, ಯಾವುದೂ ನೆನಪಾಗಲಿಲ್ಲ.

"ನನ್ನ ಕಣ್ಣಿನ ಕಾಳಜಿ ಐತಿ ನಿಮಗ! ನೀವು ಹೋದ ಮ್ಯಾಲ ಈ ಮನ್ಯಾಗ ಒಬ್ಬಾಕೀನ ಕುಂತು ಈ ಕಣ್ಣಲೆ ನಾ ಏನು ನೋಡಲ್ರಿ? ಆ ಮಂಚ ನೋಡಲ್ಯಾ? ಈ ಗಾಡಿ ನೋಡಲ್ಯಾ?"

ಭರಮಪ್ಪ ಎದ್ದು ಹೋದ. ನಮ್ಮವರು ಗ್ವಾಡಿ ಹಿಡಕೋಂತ ಬಂದು ಕಟ್ಟಿ ಮ್ಯಾಲ ಕುಂತ್ರು. ಉಸಿರು ಒಂದು ಹದಕ್ಕ ಬಂದ ಮ್ಯಾಲ, "ಬಿಗದದ್ದು ಬಿಚ್ಚು," ಅಂದ್ರು. "ಬ್ಯಾಟರಿ ತಿರುವಿಡು. ಟೊಪ್ಪಿಗಿ ಇದ್ದದ್ದು ಪ್ಲಸ್. ಮೊದಲ ಅದು."

ಕಣ್ಣೊರಸಿಕೊಂಡು ಬಿಚ್ಚಿದೆ. ತಿರುವಿಟ್ಟೆ. ಕೈಲೆ ಅಲುಗಾಡಿಸಿ ನೋಡು ಅಂದ್ರು, ನೋಡಿದೆ. ಇನ್ನೊಂದು ಸುತ್ತು ಬಿಗಿ ಅಂದ್ರು, ಬಿಗದೆ. ತುದಿಗೆ ವ್ಯಾಸಲೀನ್ ಹಚ್ಚು, ಉಪ್ಪು ಹಿಡಿಯೂದಿಲ್ಲ ಅಂದ್ರು. ಅವರು ಕೈ ಹಚ್ಚಲಿಲ್ಲ. ಎಲ್ಲಾ ನಾನs ಮಾಡಿದೆ. ಕರಾರು ಕರಾರs.

ಅಂಗಿ ಬದಲ ಮಾಡಿಸಿ, ದವಾಖಾನಿ ಚೀಲ ಹಿಂದ ಇಟ್ಟು, ಅವರನ್ನ ಮುಂದ ಕುಂಡರಿಸಿ ನಾನೂ ಕುಂತೆ. ಕೀಲಿಗೆ ಕೈ ಹಾಕಿದೆ.

"ತಡಿ," ಅಂದ್ರು. "ಒಂದು ಮಾತು."

"ಮತ್ತೇನ್ರಿ?"

"ನೀ ಗೆದ್ದಿ. ಇವತ್ತು ಬರತೇನಿ. ಗುರುವಾರ ಬರತೇನಿ, ಮುಂದೂ ಬರತೇನಿ. ಆದ್ರ ದೇವಕ್ಕ, ಒಂದಿನ ನಾ ಖರೇನ ಸಾಕು ಅಂತೇನಿ. ಸಿಟ್ಟಿಲೆ ಅಲ್ಲ, ಬ್ಯಾಸರಿಕಿಲೆ ಅಲ್ಲ. ಅದು ನಿನಗೂ ತಿಳೀತದ. ಅವತ್ತು ಹಟಾ ಮಾಡಬ್ಯಾಡ. ಅವತ್ತು ಗಾಡಿ ಚಾಲೂ ಮಾಡದ ನನ್ನ ಬಾಜೂಕ ಬಂದು ಕುಂದರು. ಭಾಷಿ ಕೊಡು."

ಅಂಗೈ ಮ್ಯಾಲ ಮಾಡಿ ಚಾಚಿದ್ರು. ಸೂಜಿ ಚುಚ್ಚಿ ಚುಚ್ಚಿ ಹಗ್ಗದಂಗ ಎದ್ದ ನರ, ಬಾತ ಬೆರಳು.

ಮದಿವ್ಯಾದಾಗಿಂದ ಈ ಮನ್ಯಾಗ ಒಂದು ಮಾತಿನ್ಯಾಗೂ ನಾ ಸೋತಾಕಿ ಅಲ್ಲ. ಏನರ ಅಂದು ಬಾಯಿ ಮುಚ್ಚಿಸಬಹುದಿತ್ತು. ಬಿಡ್ರಿ, ಹೊತ್ತಾತು ಅನ್ನಬಹುದಿತ್ತು. ಆದ್ರ ಅವರು ತಮ್ಮ ಮಾತು ಉಳಿಸಿಕೊಂಡು ಗಾಡಿ ಹತ್ತಿದ್ರಲ್ಲ. ನಾ ಯಾವ ಬಾಯಿಲೆ ಒಲ್ಲೆ ಅನ್ನಲಿ?

ಜಿಡ್ಡು ಹತ್ತಿದ ನನ್ನ ಕೈ ಅವರ ಅಂಗೈ ಮ್ಯಾಲ ಇಟ್ಟೆ. ಬಾಯಿಲೆ ಹೂಂ ಅನ್ನಾಕ ಆಗಲಿಲ್ಲ. ಅವರು ಕೇಳಲೂ ಇಲ್ಲ, ಮೆಲ್ಲಕ ಹಿಡದು ಬಿಟ್ರು.

ಕೀಲಿ ತಿರುವಿದೆ. ಒಂದs ಏಟಿಗೆ ಗಾಡಿ ಚಾಲೂ ಆತು. ಮುಂಜಾನಿಂದ ಅದೊಂದು ಸಪ್ಪಳಕ್ಕ ನಾ ಜೀವ ಬಿಟ್ಟಿದ್ದೆ, ಈಗ ಅದನ್ನ ಕೇಳಿ ಸ್ಟೇರಿಂಗ್ ಮ್ಯಾಲ ತಲಿ ಇಟ್ಟು ಅತ್ತೆ. ಅವರು ಬೈಯಲಿಲ್ಲ, ಅವಸರ ಮಾಡಲಿಲ್ಲ. ಆಮ್ಯಾಲ ಸೆರಗಿಲೆ ಮಾರಿ ಒರಸಿಕೊಂಡು ಬೈಲಹೊಂಗಲದ ದಾರಿ ಹಿಡದೆ.